ಸೌತೆಕಾಯಿ ಕಹಿಯಾಗುವುದೇಕೆ?

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಭತ್ತದ ಕೊಯ್ಲು ಮುಗಿದ ಗದ್ದೆಗಳಲ್ಲಿ ತರಕಾರಿ ಸಾಲು ಏಳುತ್ತದೆ. ಸೌತೆ, ಬೆಂಡೆ, ಅಲಸಂಡೆ, ಹರಿವೆ. ಮಾರ್ಚ್ ಕಳೆದು ಬಿಸಿಲು ಏರುವ ಹೊತ್ತಿಗೆ ಅಡುಗೆಮನೆಯಲ್ಲಿ ಒಂದು ದೂರು ಶುರುವಾಗುವುದುಂಟು. ಹೋದ ವಾರ ಕೊಯ್ದ ಸೌತೆ ಚೆನ್ನಾಗಿತ್ತು, ಈ ವಾರದ್ದು ಬಾಯಿಗಿಡಲಾಗದಷ್ಟು ಕಹಿ. ಬಳ್ಳಿ ಅದೇ, ಮಣ್ಣೂ ಅದೇ. ಹಾಗಾದರೆ ಬದಲಾದದ್ದೇನು?

ಗಿಡಕ್ಕೆ ಬದುಕಲು ಸಕ್ಕರೆ, ಪ್ರೋಟೀನು, ಕೊಬ್ಬು ಬೇಕೇ ಬೇಕು. ಇವಲ್ಲದೆ ಅದು ಇನ್ನೂ ಸಾವಿರಾರು ಬಗೆಯ ವಸ್ತುಗಳನ್ನು ತಯಾರಿಸುತ್ತದೆ. ಅಡಿಕೆಯ ಒಗರು, ಕಾಳುಮೆಣಸಿನ ಖಾರ, ಪುನರ್ಪುಳಿಯ ಕೆಂಪು ಎಲ್ಲವೂ ಈ ಜಾತಿಗೆ ಸೇರಿದವು. ಜೀವಶಾಸ್ತ್ರದ ಪಾಠದಲ್ಲಿ ಇವಕ್ಕೆ ‘ಸೆಕೆಂಡರಿ ಮೆಟಬೊಲೈಟ್’ ಎಂದು ಹೆಸರು. ‘ಸೆಕೆಂಡರಿ’ ಎಂದೊಡನೆ ನಿಕೃಷ್ಟ ಎಂದು ತಿಳಿಯಬೇಕಾಗಿಲ್ಲ. ಶತ್ರು ಬಂದರೆ ಓಡಿಹೋಗಲಾರದ ಗಿಡಕ್ಕೆ ಇವೇ ಆಯುಧ. ಆದರೆ ಆಯುಧ ಮಾಡುವುದಕ್ಕೂ ಖರ್ಚಿದೆ. ಆದ್ದರಿಂದ ಎಷ್ಟು, ಯಾವಾಗ, ಯಾವ ಅಂಗದಲ್ಲಿ ಎಂಬುದು ಸಂದರ್ಭಕ್ಕೆ ತಕ್ಕಂತೆ ಬದಲಾಗುತ್ತದೆ.

ಸೌತೆಯ ಕಹಿಗೆ ಕಾರಣವಾದ ವಸ್ತುವಿನ ಹೆಸರು ಕುಕುರ್ಬಿಟಾಸಿನ್. ಕಾಡು ಸೌತೆಯ ಕಾಯಿ ಕಡುಕಹಿ. ಮನುಷ್ಯ ತಲೆಮಾರುಗಟ್ಟಲೆ ಆರಿಸಿ ಆರಿಸಿ ಬೆಳೆದದ್ದರಿಂದ ಕಹಿ ಇಳಿಯಿತು. 2014ರಲ್ಲಿ ಚೀನಾದ ವಿಜ್ಞಾನಿಗಳ ತಂಡವೊಂದು ಮುಳ್ಳುಸೌತೆಯಲ್ಲಿ ಈ ಕಹಿ ತಯಾರಿಸುವ ಒಂಬತ್ತು ಜೀನ್‌ಗಳನ್ನೂ ಅವನ್ನು ಆಳುವ ಎರಡು ‘ಯಜಮಾನ’ ಜೀನ್‌ಗಳನ್ನೂ ಗುರುತಿಸಿತು. ಒಂದು ಎಲೆಗೆ, ಇನ್ನೊಂದು ಕಾಯಿಗೆ. ಊರಿನ ಸೌತೆಯಲ್ಲಿ ಕಾಯಿಯ ಯಜಮಾನ ಸಾಮಾನ್ಯವಾಗಿ ಮಲಗಿರುತ್ತಾನೆ. ಬಿಸಿಲಿನ ಝಳ, ನೀರಿನ ಕೊರತೆ ಒಟ್ಟಾಗಿ ಬಂದರೆ ಕೆಲವು ತಳಿಗಳಲ್ಲಿ ಏಳುತ್ತಾನೆ.

ಇಷ್ಟು ಮಳೆ ಸುರಿಯುವ ಕರಾವಳಿಯಲ್ಲಿ ನೀರಿಗೆ ಬರವೇ ಎಂದು ಕೇಳಬಹುದು. ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿದು ಹೋಗುತ್ತದೆ. ಸಮುದ್ರದ ಬದಿಯ ಹೊಯಿಗೆ ಮಣ್ಣು ನೀರನ್ನು ಹಿಡಿದಿಡುವುದಿಲ್ಲ. ಬೇಸಿಗೆಯಲ್ಲಿ ಎರಡು ದಿನ ನೀರು ತಪ್ಪಿದರೂ ಬಳ್ಳಿಗೆ ಅದು ಬರಗಾಲವೇ.

ತೊಟ್ಟಿನ ಬದಿಯಲ್ಲಿ ಮತ್ತು ಸಿಪ್ಪೆಯ ಹತ್ತಿರ ಕಹಿ ಹೆಚ್ಚು. ತುದಿ ಕತ್ತರಿಸಿ ಉಜ್ಜಿ ನೊರೆ ತೆಗೆಯುವ ಅಜ್ಜಿಯರ ಕ್ರಮದಲ್ಲಿ ನಿಜವಾಗಿ ಕೆಲಸ ಮಾಡುವುದು ಆ ತುದಿಯನ್ನು ಎಸೆಯುವುದೇ ಇರಬೇಕು! ಪಕ್ಕದಲ್ಲಿ ಹಾಗಲ ಬೆಳೆದದ್ದರಿಂದ ಸೌತೆ ಕಹಿಯಾಯಿತು ಎಂಬ ಮಾತಿಗಂತೂ ಆಧಾರವಿಲ್ಲ. ಇವೆರಡೂ ಬೇರೆ ಬೇರೆ ಕುಲದವು, ಒಂದರ ಪರಾಗ ಇನ್ನೊಂದಕ್ಕೆ ಕೂಡುವುದಿಲ್ಲ. ತಮಾಷೆಯೆಂದರೆ, ಹುಳುವನ್ನು ಓಡಿಸಬೇಕಾದ ಈ ಕಹಿಯೇ ಬಳ್ಳಿಯ ಎಲೆ ತಿನ್ನುವ ಕೆಂಪು ದುಂಬಿಗೆ ರುಚಿ.

ಬಿಸಿಲು, ನೀರಿನಂತೆ ವಯಸ್ಸೂ ಒಂದು ಕಾರಣ. ಅಡಿಕೆಯನ್ನೇ ನೋಡಿ. ಘಟ್ಟದ ಮೇಲೆ ಎಳೆಯ ಅಡಿಕೆ ಸುಲಿದು ಬೇಯಿಸುತ್ತಾರೆ. ಬೆಂದ ನೀರು ಗಟ್ಟಿಯಾಗಿ ಚೊಗರಾಗುತ್ತದೆ. ಕೆಳಗೆ ಕರಾವಳಿಯಲ್ಲಿ ಹಣ್ಣಡಿಕೆಯನ್ನು ಅಂಗಳದಲ್ಲಿ ಒಣಗಿಸಿ ಚಾಲಿ ಮಾಡುತ್ತಾರೆ. ಎಳೆಯದರಲ್ಲಿ ಟ್ಯಾನಿನ್ ಜಾಸ್ತಿ, ಬಲಿತಂತೆ ಕಡಿಮೆ. ಪುನರ್ಪುಳಿಯ ಬಣ್ಣದ್ದು ಇದಕ್ಕೆ ತಿರುವುಮುರುವು, ಹಣ್ಣಾದಂತೆ ಕೆಂಪು ಏರುತ್ತದೆ. ಒಗರು ಎಳೆಯ ಬೀಜವನ್ನು ಕಾಯುವುದಕ್ಕೆ, ಕೆಂಪು ಬಲಿತ ಬೀಜವನ್ನು ಹೊತ್ತೊಯ್ಯುವವರನ್ನು ಕರೆಯುವುದಕ್ಕೆ ಎಂದು ಸಸ್ಯಶಾಸ್ತ್ರಜ್ಞರು ವಿವರಿಸುತ್ತಾರೆ.

ಮತ್ತೆ ಕಹಿಗೆ ಬರೋಣ, ಏಕೆಂದರೆ ಇದು ಬರಿಯ ನಾಲಗೆಯ ವಿಷಯವಲ್ಲ. ಸೌತೆಯ ಬಂಧು ಸೋರೆಕಾಯಿಯಲ್ಲೂ ಇದೇ ವಸ್ತು ಏರಬಹುದು. 2010ರಲ್ಲಿ ದೆಹಲಿಯಲ್ಲಿ ವಿಜ್ಞಾನಿಯೊಬ್ಬರು ಕಹಿಯಾದ ಸೋರೆಕಾಯಿ ರಸ ಕುಡಿದು ತೀರಿಕೊಂಡರು. ಬಹುಕಾಲದಿಂದ ಆರೋಗ್ಯಕ್ಕೆಂದೇ ಕುಡಿಯುತ್ತಿದ್ದ ರಸ ಅದು. ಬಳಿಕ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರ ಸಮಿತಿ ಇಂಥ ಪ್ರಕರಣಗಳನ್ನು ಪರಿಶೀಲಿಸಿತು. ಹಾಗಲ ಕಹಿಯಾದರೂ ಒಳ್ಳೆಯದು, ಹಾಗೆಯೇ ಸೋರೆಯೂ ಎಂಬ ಎಣಿಕೆ ಅಪಾಯದ್ದು. ಹಾಗಲದ ಕಹಿ ಅದರ ಸಹಜ ಗುಣ. ಸೋರೆಯ ಕಹಿ ಎಚ್ಚರಿಕೆಯ ಗಂಟೆ. ಬೇಯಿಸಿದರೂ ಈ ಕಹಿ ಹೋಗುವುದಿಲ್ಲ.

ಸಮಿತಿಯ ಸಲಹೆ ಸರಳವಾಗಿದೆ. ರಸ ತೆಗೆಯುವ ಮೊದಲು ಒಂದು ಚೂರು ನಾಲಗೆಗೆ ಇಟ್ಟು ನೋಡುವುದು. ಕಹಿಯಾದರೆ ಇಡೀ ಕಾಯಿಯನ್ನು ಎಸೆಯುವುದು. ಬೇರೆ ರಸದ ಜೊತೆ ಬೆರೆಸದಿರುವುದು, ಬೆರೆಸಿದರೆ ಕಹಿ ಗೊತ್ತಾಗುವುದಿಲ್ಲ. ಕುಡಿದ ಮೇಲೆ ವಾಂತಿ, ಹೊಟ್ಟೆನೋವು, ಭೇದಿ ಕಾಣಿಸಿಕೊಂಡರೆ ಮನೆಮದ್ದಿಗೆ ಹೊತ್ತು ಕಳೆಯದೆ ಆಸ್ಪತ್ರೆಗೆ ಹೋಗುವುದು. ಈ ವಿಷಕ್ಕೆಂದೇ ಪ್ರತ್ಯೇಕ ಔಷಧ ಇಲ್ಲ.