ಜಿನ್ನುಗಳಿಗೆ ಪೇಟೆಯಲ್ಲಿ ಬಾಡಿಗೆ ಮನೆ ಇಲ್ಲವೇ?

ಪೋತ್ನಾಳದ ನಮ್ಮ ಓದುಗ ಮಿತ್ರರೊಬ್ಬರು ರಾಯಚೂರಿನ ಪುಸ್ತಕದಂಗಡಿಯೊಂದಕ್ಕೆ ಹೋಗಿ, ಇಂದಿನ ಪೇಟೆಯಲ್ಲೇ ನಡೆಯುವ, ಜಿನ್ನೋ ಯಕ್ಷಿಯೋ ಬರುವ, ದೊಡ್ಡವರು ಓದುವಂಥ ಕನ್ನಡ ಕಾದಂಬರಿ ಬೇಕೆಂದು ಕೇಳಿದರು. ಅಂಗಡಿಯವರು ಮಕ್ಕಳ ಪುಸ್ತಕಗಳ ಕಪಾಟಿನ ಕಡೆ ಕೈ ಮಾಡಿ, "ಅಂಥವೆಲ್ಲ ಅಲ್ಲಿ ಅದಾವ್ ನೋಡ್ರಿ" ಎಂದರು. ನಮ್ಮ ಮಿತ್ರರಿಗೆ ನಲವತ್ತೈದು ವಯಸ್ಸು. ಅಂಗಡಿಯವರನ್ನು ದೂರಿ ಫಲವಿಲ್ಲ. ಅಚ್ಚಾಗದ ಪುಸ್ತಕವನ್ನು ಅವರು ಎಲ್ಲಿಂದ ತಂದಾರು?

ನಮ್ಮ ದೂರು ಪ್ರಕಾಶಕರ ಮೇಲೆ, ಅದಕ್ಕಿಂತ ಹೆಚ್ಚಾಗಿ ವಿಮರ್ಶಕರ ಮೇಲೆ. ಕನ್ನಡ ಸಾಹಿತ್ಯ ಅದ್ಭುತವನ್ನು ಹಳ್ಳಿಯಲ್ಲಿ ಮಾತ್ರ ಒಪ್ಪುತ್ತದೆ. ದೇವನೂರ ಮಹಾದೇವರ 'ಕುಸುಮಬಾಲೆ'ಯಲ್ಲಿ ದೀಪಗಳು ಒಟ್ಟುಗೂಡಿ ಮಾತಾಡಿದರೆ, ಕಂಬಾರರ 'ಚಕೋರಿ'ಯಲ್ಲಿ ಯಕ್ಷಿ ಬಂದರೆ ತಲೆದೂಗುತ್ತೇವೆ. ಅದೇ ಯಕ್ಷಿ ಬಸ್ಸು ಹತ್ತಿ ಸಿಂಧನೂರಿನಲ್ಲಿ ಇಳಿದಳೋ, ಸಾಹಿತ್ಯದ ಪಂಕ್ತಿಯಿಂದ ಎಬ್ಬಿಸಿಬಿಡುತ್ತೇವೆ. ತೆಲುಗಿನಿಂದ ಯಂಡಮೂರಿಯವರ 'ತುಳಸಿದಳ' ಬಂದಾಗ ಜನ ಮುಗಿಬಿದ್ದು ಓದಿದರು, 1985ರಲ್ಲಿ ಅದು ಕನ್ನಡ ಸಿನಿಮಾ ಕೂಡ ಆಯಿತು. ಓದುಗರಿಲ್ಲ ಎಂಬ ಮಾತು ಅಲ್ಲಿಗೇ ಮುಗಿಯಬೇಕಿತ್ತು.

ಇದು ಇಂಗ್ಲಿಷ್ ಓದಿದವರ ಗೀಳು ಎನ್ನುವವರು ನಮ್ಮ ಸೀಮೆಯ ಚರಿತ್ರೆ ನೋಡಲಿ. ರಾಯಚೂರು ಬಿಜಾಪುರದ ಆದಿಲಶಾಹಿಗಳ ಕೈಯಲ್ಲಿದ್ದಾಗ, 1657ರಲ್ಲಿ, ಅವರ ಆಸ್ಥಾನ ಕವಿ ನುಸ್ರತಿ ದಖನಿಯಲ್ಲಿ 'ಗುಲ್ಶನ್-ಎ-ಇಶ್ಕ್' ಬರೆದ. ನಾಯಕ ಮನೋಹರ, ನಾಯಕಿ ಮಧುಮಾಲತಿ, ಕತೆಯ ತುಂಬ ಪರಿಗಳು. ಅದು ಮಕ್ಕಳನ್ನು ಮಲಗಿಸಲು ಬರೆದದ್ದಲ್ಲ, ದರಬಾರಿನ ಕಾವ್ಯ. ಮಾಯಾನಗರಗಳ ಮಹಾಕಥೆ 'ತಿಲಿಸ್ಮ್-ಎ-ಹೋಶ್‌ರುಬಾ'ವನ್ನು ಲಖನೌದ ನವಲ್ ಕಿಶೋರ್ ಪ್ರೆಸ್ 1883ರಿಂದ ಸಂಪುಟ ಸಂಪುಟವಾಗಿ ಅಚ್ಚು ಹಾಕಿತು. ಬರೆದವರು ಮುಸ್ಲಿಮರು, ಅಚ್ಚು ಹಾಕಿಸಿದವರು ಹಿಂದೂ. ಓದಿದವರಿಗೆ ಇದರ ಲೆಕ್ಕ ಬೇಕಿರಲಿಲ್ಲ.

ಮುಸ್ಲಿಂ ಓದುಗರಾಗಿ ನಮಗೆ ಇನ್ನೊಂದು ಸಂಕಟವಿದೆ. ಸಾರಾ ಅಬೂಬಕ್ಕರ್, ಬಾನು ಮುಷ್ತಾಕ್ ಬರೆದದ್ದು ಕನ್ನಡಕ್ಕೆ ಬೇಕೇ ಬೇಕಿತ್ತು. 2025ರಲ್ಲಿ ಬಾನು ಅವರ ಕತೆಗಳಿಗೆ ಅಂತಾರಾಷ್ಟ್ರೀಯ ಬೂಕರ್ ಬಂದಾಗ ನಾವೂ ಸಿಹಿ ಹಂಚಿದ್ದೇವೆ. ಬೊಳುವಾರರ ಮುತ್ತುಪ್ಪಾಡಿಯಲ್ಲಿ ನಗುವೂ ಇದೆ, ನಿಜ. ಆದರೂ ಮುಸ್ಲಿಂ ಪಾತ್ರವೊಂದು ಕನ್ನಡ ಕತೆಗೆ ಬರುವಾಗಲೆಲ್ಲ ತಲಾಖ್, ಬಡತನ ಅಥವಾ ಗಲಭೆಯ ಅರ್ಜಿ ಹಿಡಿದೇ ಬರಬೇಕೇ? ಮಾನ್ವಿಯ ಒಬ್ಬ ಹುಡುಗಿ ಶಕ್ತಿನಗರದ ಚಿಮಣಿಯ ಮೇಲೆ ಕೂತ ಜಿನ್ನಿನೊಡನೆ ಜಗಳವಾಡಬಾರದೇ?

ಇದು ಪಲಾಯನ ಎನ್ನುವ ಪ್ರಗತಿಪರ ಮಿತ್ರರಿಗೆ ಜಿ. ವಿಲ್ಲೋ ವಿಲ್ಸನ್‌ರ 'ಅಲಿಫ್ ದಿ ಅನ್‌ಸೀನ್' ತೋರಿಸುತ್ತೇವೆ. 2012ರ ಈ ಕಾದಂಬರಿಗೆ ಮರುವರ್ಷ ವರ್ಲ್ಡ್ ಫ್ಯಾಂಟಸಿ ಪ್ರಶಸ್ತಿ ಬಂತು. ಕೊಲ್ಲಿಯ ಒಂದು ನಗರ. ಅರಬ್ ತಂದೆಗೂ ಭಾರತೀಯ ತಾಯಿಗೂ ಹುಟ್ಟಿದ ಕಂಪ್ಯೂಟರ್ ಹುಡುಗ. ಬೆನ್ನಟ್ಟುವುದು ಸರ್ಕಾರದ ಗೂಢಚಾರರು, ಅಡಗಲು ಜಾಗ ಕೊಡುವುದು ಜಿನ್ನುಗಳು. ಕೊಲ್ಲಿಗೆ ದುಡಿಯಲು ಹೋದವರ ಮನೆಗಳು ನಮ್ಮ ನಾಡಿನಲ್ಲಿ ಎಷ್ಟಿಲ್ಲ? ಹೆಸರು ಕೇಳಿದ ಕೂಡಲೇ ಬಾಡಿಗೆಗೆ ಮನೆ ಇಲ್ಲ ಎನ್ನಿಸಿಕೊಂಡವರಿಗೆ ಕಣ್ಣಿಗೆ ಕಾಣದವರ ಕತೆ ಬೇಗ ಅರ್ಥವಾಗುತ್ತದೆ.

ನಮ್ಮ ಹಿರಿಯರಲ್ಲಿ ಕೆಲವರು ಇದೆಲ್ಲ ಮೂಢನಂಬಿಕೆ ಎಂದು ಮುಖ ಸಿಂಡರಿಸುತ್ತಾರೆ. ಕುರ್‌ಆನಿನ 72ನೇ ಅಧ್ಯಾಯದ ಹೆಸರೇ 'ಅಲ್ ಜಿನ್ನ್' ಎಂಬುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಕಾದಂಬರಿ ಯಾರಿಗೂ ತಾಯಿತ ಮಾರುವುದಿಲ್ಲ. ಆ ಕೆಲಸವನ್ನು ಬೆಳಗಾದರೆ ಟಿ.ವಿ.ಯವರು ಮಾಡುತ್ತಿದ್ದಾರೆ, ಕೋಪ ಅತ್ತ ಹರಿಯಲಿ.

ಬೇಕಾದದ್ದು ಎರಡೇ. ಅನುವಾದಕ್ಕೆಂದೇ ಇರುವ ಕುವೆಂಪು ಭಾಷಾ ಭಾರತಿ ಪ್ರಾಧಿಕಾರ ಹೋಶ್‌ರುಬಾದ ಒಂದು ಸಂಪುಟವನ್ನಾದರೂ ಉರ್ದುವಿನಿಂದ ನೇರವಾಗಿ ಕನ್ನಡಕ್ಕೆ ತರಿಸಲಿ. ನಮ್ಮ ಹೊಸ ಬರಹಗಾರರು ತುಂಗಭದ್ರಾ ಎಡದಂಡೆ ಕಾಲುವೆಯ ಕ್ಯಾಂಪುಗಳಿಗೆ, ರೈಸ್ ಮಿಲ್ಲುಗಳಿಗೆ, ಲಾಡ್ಜುಗಳಿಗೆ ತಮ್ಮ ಯಕ್ಷಿಯರನ್ನೂ ಜಿನ್ನುಗಳನ್ನೂ ಕರೆತರಲಿ. ಪೋತ್ನಾಳದ ಮಿತ್ರರು ಮೊದಲ ಪ್ರತಿಗೆ ಈಗಲೇ ಮುಂಗಡ ಕೊಡುತ್ತೇನೆ ಎನ್ನುತ್ತಿದ್ದಾರೆ. ಹಣ ಯಾರ ಕೈಗೆ ಕೊಡಬೇಕು, ಹೇಳಿ.