ಕೇಳಿಸದ ರೇಡಿಯೋ, ಕೇಳುವ ಬೆಲೆ

ಹಳೆ ಸಾಮಾನು ಮಾರುವ ಜಾಲತಾಣಗಳಲ್ಲಿ ‘ವಾಲ್ವ್ ರೇಡಿಯೋ’ ಎಂದು ಹುಡುಕಿ ನೋಡಿ. ಮರ್ಫಿ, ಫಿಲಿಪ್ಸ್, ಬುಷ್, ಅಲ್ಲೊಂದು ಇಲ್ಲೊಂದು ಎಚ್‌ಎಂವಿ ರೇಡಿಯೋಗ್ರಾಂ. ಮರದ ಪೆಟ್ಟಿಗೆಯ ಮೇಲೆ ಧೂಳು, ಹಿನ್ನೆಲೆಯಲ್ಲಿ ಮಂಚದ ಕಾಲು. ಬೆಲೆ 45,000, 85,000, ಒಮ್ಮೊಮ್ಮೆ ಎರಡು ಲಕ್ಷ. ಕೆಳಗೆ ಒಂದೇ ಸಾಲು: ‘ಆಂಟಿಕ್ ಪೀಸ್, ತಾತನ ಕಾಲದ್ದು, ಚೌಕಾಸಿ ಇಲ್ಲ.’ ನನ್ನ ಸಂಶೋಧನೆ ರೇಡಿಯೋ ಕೇಳುಗರ ಬಗ್ಗೆಯಾದ್ದರಿಂದ ಎರಡು ವರ್ಷದಿಂದ ಇವನ್ನು ಬಿಡದೆ ನೋಡುತ್ತಿದ್ದೇನೆ. ಫೆಲೋಶಿಪ್ ಹಣಕ್ಕೆ ಇವು ಎಟುಕುವುದಿಲ್ಲ, ನಿಜ. ಆದರೆ ನನ್ನ ತಕರಾರು ಅದಲ್ಲ. ಈ ಬೆಲೆಗಳು ರೇಡಿಯೋಗಳನ್ನು ಕೊಲ್ಲುತ್ತಿವೆ ಎಂಬುದು ನನ್ನ ತಕರಾರು.

ಮೊದಲು ಆ ‘ಆಂಟಿಕ್’ ಪಟ್ಟ. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ಇಂಥ ವಸ್ತುವಿಗೆ ಕನಿಷ್ಠ ನೂರು ವರ್ಷ ತುಂಬಿರಬೇಕು. 1960ರ ಮರ್ಫಿ ಆ ಪಂಕ್ತಿಯಲ್ಲಿ ಕೂರಲು 2060ರವರೆಗೆ ಕಾಯಬೇಕು. ‘ಅಪರೂಪ’ ಅನ್ನುವುದೂ ಹಾಗೆಯೇ. ಇವು ರಾಜರಿಗೆಂದು ಒಂದೊಂದಾಗಿ ಮಾಡಿಸಿದ ವಸ್ತುಗಳಲ್ಲ, ಕಾರ್ಖಾನೆಯಿಂದ ಸಾಲುಸಾಲಾಗಿ ಹೊರಬಂದವು. ಒಂದೇ ಮಾದರಿಯ ನಾಲ್ಕು ‘ಅಪರೂಪದ’ ರೇಡಿಯೋಗಳನ್ನು ಒಂದೇ ವಾರ, ಒಂದೇ ಪುಟದಲ್ಲಿ ನೋಡಿದ್ದೇನೆ.

ಹಾಗಾದರೆ 85,000 ಎಂಬ ಅಂಕಿ ಎಲ್ಲಿಂದ ಬಂತು? ಪಕ್ಕದ ಜಾಹೀರಾತಿನಿಂದ. ಅದಕ್ಕೆ? ಅದರ ಪಕ್ಕದ್ದರಿಂದ. ಇಲ್ಲಿ ಕಾಣುವುದು ಕೇಳುವ ಬೆಲೆ ಮಾತ್ರ, ಯಾರೋ ನಿಜವಾಗಿ ಕೊಟ್ಟ ಬೆಲೆಯಲ್ಲ. ಇದರಲ್ಲೊಂದು ಮೋಜಿನ ಲೆಕ್ಕವಿದೆ. ಸರಿಯಾದ ಬೆಲೆಗೆ ಇಟ್ಟ ರೇಡಿಯೋ ನಾಲ್ಕು ದಿನದಲ್ಲಿ ಮಾರಿಹೋಗಿ ಜಾಹೀರಾತು ಮಾಯವಾಗುತ್ತದೆ. ಹುಚ್ಚು ಬೆಲೆಯದ್ದು ತಿಂಗಳುಗಟ್ಟಲೆ ಅಲ್ಲೇ ನಿಂತಿರುತ್ತದೆ. ಹೊಸದಾಗಿ ಮಾರಲು ಬಂದವರ ಕಣ್ಣಿಗೆ ಬೀಳುವುದು ಹೀಗೆ ನಿಂತವೇ. ಅಂದರೆ ಯಾರೂ ಒಪ್ಪದ ಬೆಲೆಯೇ ಮಾರುಕಟ್ಟೆ ದರ ಎಂದು ಸ್ಥಾಪಿತವಾಗುತ್ತದೆ.

ಈ ಬೆಲೆಗೆ ಸಿಗುವುದಾದರೂ ಏನು? ‘ವರ್ಕಿಂಗ್ ಕಂಡಿಷನ್ ಮೇಡಂ, ಲೈಟ್ ಬರುತ್ತೆ’ ಎಂದರು ಒಬ್ಬರು ಫೋನಿನಲ್ಲಿ. ಯಾವ ಸ್ಟೇಷನ್ ಹಿಡಿಯುತ್ತದೆ ಎಂದು ಕೇಳಿದೆ. ‘ಅದೆಲ್ಲ ನೋಡಿಲ್ಲ.’ ಡಯಲಿನ ಹಿಂದಿನ ಪುಟ್ಟ ಬಲ್ಬು ಉರಿಯಲು ಟ್ರಾನ್ಸ್‌ಫಾರ್ಮರಿನ ಕೆಲವೇ ವೋಲ್ಟು ಸಾಕು. ಅದಕ್ಕೂ ರೇಡಿಯೋ ಹಾಡುವುದಕ್ಕೂ ಸಂಬಂಧವಿಲ್ಲ. ಇನ್ನೂ ಕೆಟ್ಟದ್ದೆಂದರೆ ಈ ‘ಲೈಟ್ ತೋರಿಸುವ’ ಚಟ. ಮೂವತ್ತು ವರ್ಷ ಅಟ್ಟದ ಮೇಲಿದ್ದ ಸೆಟ್ಟಿನ ಕೆಪಾಸಿಟರುಗಳು ಒಣಗಿ ಕೆಟ್ಟಿರುತ್ತವೆ. ಪರೀಕ್ಷಿಸದೆ ನೇರವಾಗಿ ಪ್ಲಗ್ಗಿಗೆ ಚುಚ್ಚಿದರೆ ಶಾರ್ಟ್ ಆಗಿ ರೆಕ್ಟಿಫೈಯರ್ ವಾಲ್ವೋ ಟ್ರಾನ್ಸ್‌ಫಾರ್ಮರೋ ಸುಟ್ಟುಹೋಗಬಹುದು. ಅಷ್ಟು ವರ್ಷ ಹೇಗೋ ಉಳಿದಿದ್ದ ರೇಡಿಯೋ ಜಾಹೀರಾತಿನ ವೀಡಿಯೋಗಾಗಿ ಸಾಯುತ್ತದೆ. (ಎಸಿ-ಡಿಸಿ ಎರಡರಲ್ಲೂ ನಡೆಯುವ ಕೆಲವು ಸೆಟ್ಟುಗಳ ಒಳಗಿನ ಲೋಹದ ತಟ್ಟೆಗೇ ಮನೆಯ ಕರೆಂಟು ಬಂದಿರುತ್ತದೆ. ಹಿಂಬದಿಯ ರಟ್ಟು ತೆಗೆದು ಕೈ ಹಾಕುವವರು ಜೋಕೆ.)

ದುರಾಸೆಗೆ ಇನ್ನೊಂದು ಮೆಟ್ಟಿಲಿದೆ: ‘ಕೆಂಪು ಪಾದರಸ’. ಹಳೆಯ ರೇಡಿಯೋ, ಟೀವಿಗಳೊಳಗೆ ಕೋಟಿ ಬೆಲೆಯ ಕೆಂಪು ಪಾದರಸವಿದೆ ಎಂಬುದು ಶುದ್ಧ ಸುಳ್ಳು. ಇದೇ ಸುಳ್ಳು 2009ರಲ್ಲಿ ಸೌದಿ ಅರೇಬಿಯಾದಲ್ಲಿ ಸಿಂಗರ್ ಹೊಲಿಗೆ ಯಂತ್ರಗಳ ಸುತ್ತ ಹಬ್ಬಿ, ಜನ ಹಳೆ ಯಂತ್ರಗಳಿಗೆ ಮುಗಿಬಿದ್ದಿದ್ದರು. ವಾಲ್ವಿನ ಗಾಜಿನೊಳಗೆ ಕಾಣುವ ಬೆಳ್ಳಿಯಂಥ ಲೇಪ ಬೇರಿಯಂ. ಒಳಗುಳಿದ ಅನಿಲವನ್ನು ಹೀರಲು ಇರುವುದು. ಗಾಜು ಬಿರಿದು ಗಾಳಿ ಹೊಕ್ಕರೆ ಆ ಲೇಪ ಹಾಲಿನಂತೆ ಬೆಳ್ಳಗಾಗುತ್ತದೆ. ವಾಲ್ವ್ ಸತ್ತಿತು ಎಂದರ್ಥ. ಜಾಹೀರಾತಿನ ಫೋಟೋದಲ್ಲೇ ಇದನ್ನು ಗುರುತಿಸಬಹುದು, ಮಾರುವವರು ಹಿಂಬದಿಯ ಫೋಟೋ ಹಾಕಿದ್ದರೆ.

‘ನಮ್ಮ ತಾತನ ನೆನಪು, ಬೆಲೆ ಕಟ್ಟೋಕಾಗಲ್ಲ’ ಎನ್ನುವವರು ಮರುವಾಕ್ಯದಲ್ಲೇ ಬೆಲೆ ಕಟ್ಟುತ್ತಾರೆ. ಇರಲಿ. ಆ ನೆನಪಿನ ನಿಜವಾದ ದಾಖಲೆ ಏನಾಯಿತು ಎಂದು ನಾನು ಪ್ರತಿಯೊಬ್ಬರನ್ನೂ ಕೇಳುತ್ತೇನೆ. ಆಗ ರೇಡಿಯೋ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿತ್ತು. ಅಂಚೆ ಕಚೇರಿಯಲ್ಲಿ ವರ್ಷವರ್ಷ ಶುಲ್ಕ ಕಟ್ಟಿ ಪುಸ್ತಕದಲ್ಲಿ ದಾಖಲು ಮಾಡಿಸಬೇಕಿತ್ತು. 1980ರ ದಶಕದಲ್ಲಿ ಆ ಪದ್ಧತಿ ಹೋಯಿತು. ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದ ಪ್ರಸಾರ ಶುರುಮಾಡಿದ ಕಥೆಯನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಪ್ರಸಾರ ಮಾಡಿದವರ ಚರಿತ್ರೆ ಬರೆದಿದ್ದೇವೆ; ಕೇಳಿದವರದ್ದು ಈ ಸಣ್ಣ ಪುಸ್ತಕಗಳಲ್ಲಿದೆ. ಯಾವ ಊರು, ಯಾರ ಮನೆ, ಯಾವ ವರ್ಷ ರೇಡಿಯೋ ಬಂತು, ಯಾವ ವರ್ಷ ದುಡ್ಡು ಕಟ್ಟಲಾಗಲಿಲ್ಲ. ನನಗೆ ಸಿಕ್ಕ ಉತ್ತರ ಬಹುಪಾಲು ಒಂದೇ: ‘ಅದಾ? ಪೇಪರ್ ಜೊತೆ ಗುಜರಿಗೆ ಹಾಕಿದ್ವಿ.’ ತಾತನ ಹೆಸರಿದ್ದ ಪುಸ್ತಕ ಕೆಜಿ ಲೆಕ್ಕದಲ್ಲಿ, ಪೆಟ್ಟಿಗೆ ಲಕ್ಷದ ಲೆಕ್ಕದಲ್ಲಿ!

ಅವರವರ ವಸ್ತು, ಅವರವರ ಬೆಲೆ ಎಂಬ ವಾದ ಗೊತ್ತಿದೆ. ದುಬಾರಿ ಎಂಬ ಭ್ರಮೆಯಿಂದಲಾದರೂ ಜನ ಇವನ್ನು ಒಡೆದು ಹಾಕುತ್ತಿಲ್ಲ ಎಂದು ಸ್ನೇಹಿತರೊಬ್ಬರು ವಾದಿಸಿದರು. ಅದರಲ್ಲಿ ಸ್ವಲ್ಪ ಹುರುಳಿದೆ. ಆದರೆ ಮಾರಾಟವಾಗದೆ ಕೂತ ರೇಡಿಯೋ ಸುಮ್ಮನೆ ಕೂತಿರುವುದಿಲ್ಲ. ಮಳೆಗಾಲದ ತೇವಕ್ಕೆ ಪ್ಲೈವುಡ್ ಪದರ ಬಿಡುತ್ತದೆ, ಗೆದ್ದಲು ತಳದಿಂದ ಹತ್ತುತ್ತದೆ, ಇಲಿ ಸ್ಪೀಕರಿನ ಕಾಗದ ತಿನ್ನುತ್ತದೆ. ಇದನ್ನು ರಿಪೇರಿ ಮಾಡಬಲ್ಲವರು ಎಲ್ಲ ಊರಿನಲ್ಲೂ ಕಡಿಮೆಯಾಗುತ್ತಿದ್ದಾರೆ, ಇರುವವರಿಗೆ ವಯಸ್ಸಾಗಿದೆ. ನ್ಯಾಯವಾದ ಬೆಲೆಗೆ ಅವರ ಮೇಜಿಗೆ ಹೋಗಬೇಕಿದ್ದ ಸೆಟ್ಟುಗಳು ಕೊನೆಗೆ ಹೋಗುವುದು ಆ ದುಡ್ಡು ಕೊಡಬಲ್ಲ ರೆಸ್ಟೋರೆಂಟುಗಳಿಗೆ. ಅಲ್ಲಿ ಕರುಳು ಬಗೆದು, ಬ್ಲೂಟೂತ್ ಸ್ಪೀಕರ್ ತುರುಕಿ, ಮೇಲೊಂದು ಮನಿಪ್ಲಾಂಟ್ ಇಡುತ್ತಾರೆ.

ಇನ್ನೊಂದು ಗಡಿಯಾರವೂ ಓಡುತ್ತಿದೆ. ನಮ್ಮಲ್ಲಿನ ಈ ಸೆಟ್ಟುಗಳಲ್ಲಿ ಹೆಚ್ಚಿನವು ಎಫ್‌ಎಂ ಹಿಡಿಯುವುದಿಲ್ಲ, ಮೀಡಿಯಂ ವೇವ್ ಮತ್ತು ಶಾರ್ಟ್ ವೇವ್ ಅಷ್ಟೇ. ದೇಶದಲ್ಲಿ ಆ ಟ್ರಾನ್ಸ್‌ಮಿಟರುಗಳು ಒಂದೊಂದಾಗಿ ಮುಚ್ಚುತ್ತಿವೆ. ಹಾಗಾಗಿ ಮಾರುವವರಿಗೆ ನನ್ನ ಬೇಡಿಕೆ ಇಷ್ಟು: ಹಿಂಬದಿ ತೆಗೆದು ಫೋಟೋ ಹಾಕಿ, ಲೈಸೆನ್ಸ್ ಪುಸ್ತಕವಿದ್ದರೆ ಅದನ್ನೂ ಜೊತೆಗಿಡಿ, ಮತ್ತು ರಿಪೇರಿಯವರಿಗೆ ತೋರಿಸಿದ ಮೇಲೆ ಸಂಜೆ ಹೊತ್ತು ಮುಳ್ಳನ್ನು ಬೆಂಗಳೂರಿನ 612ಕ್ಕೋ ಧಾರವಾಡದ 765ಕ್ಕೋ ತಿರುಗಿಸಿ ಏನು ಕೇಳಿಸಿತೆಂದು ಬರೆಯಿರಿ. ಬೆಲೆಯ ಮಾತು ಆಮೇಲೆ ಆಡೋಣ.