ಪದೇ ಪದೇ ಬರುವ ಹೊಟ್ಟೆನೋವು ಬರೀ ‘ಗ್ಯಾಸ್’ ಇರಬಹುದೇ? ಮೇದೋಜೀರಕ ಗ್ರಂಥಿಯ ನೋವಿನ ಬಗ್ಗೆ ತಿಳಿದಿರಲಿ

ಊಟವಾದ ಸ್ವಲ್ಪ ಹೊತ್ತಿಗೆ ಮೇಲ್ಹೊಟ್ಟೆಯಲ್ಲಿ ನೋವು. ಮನೆಯವರು ಹೇಳುವುದು ಒಂದೇ ಮಾತು: “ಗ್ಯಾಸ್ ಇರಬೇಕು, ಓಂಕಾಳಿನ ನೀರು ಕುಡಿ.” ವಾಟ್ಸಾಪ್‌ನಲ್ಲಿ ಬರುವ ಮನೆಮದ್ದುಗಳೂ ಅದನ್ನೇ ಹೇಳುತ್ತವೆ. ಎಷ್ಟೋ ಸಲ ಅದು ನಿಜವೂ ಹೌದು. ಆದರೆ ನೋವು ಬೆನ್ನಿನವರೆಗೂ ಹಬ್ಬಿದರೆ, ಮುಂದಕ್ಕೆ ಬಾಗಿ ಕೂತಾಗ ಸ್ವಲ್ಪ ಹಗುರ ಎನಿಸಿದರೆ, ಮತ್ತೆ ಮತ್ತೆ ಮರುಕಳಿಸಿದರೆ ಮೇದೋಜೀರಕ ಗ್ರಂಥಿಯ ಕಡೆ ಗಮನ ಹರಿಸಬೇಕು. ಪ್ಯಾಂಕ್ರಿಯಾಸ್ ಎಂದು ಕರೆಯುವ, ಸುಮಾರು 15 ಸೆಂ.ಮೀ. ಉದ್ದದ ಈ ಗ್ರಂಥಿ ಜಠರದ ಹಿಂದೆ ಅಡ್ಡಲಾಗಿದೆ.

ಅದರಲ್ಲಿ ಉರಿಯೂತ ವರ್ಷಗಟ್ಟಲೆ ಉಳಿದು ಗ್ರಂಥಿ ಗಟ್ಟಿಯಾಗುತ್ತಾ ಹೋಗುವುದೇ ಕ್ರಾನಿಕ್ ಪ್ಯಾಂಕ್ರಿಯಾಟೈಟಿಸ್. ಇದು ಕುಡುಕರ ಕಾಯಿಲೆ ಎಂಬುದು ಅರ್ಧ ಸತ್ಯ ಮಾತ್ರ. ಮದ್ಯ ಮತ್ತು ಸಿಗರೇಟು ದೊಡ್ಡ ಕಾರಣಗಳು ನಿಜ. ಆದರೆ ದಕ್ಷಿಣ ಭಾರತದಲ್ಲಿ, ಅದರಲ್ಲೂ ಕೇರಳದಲ್ಲಿ, ಮದ್ಯ ಮುಟ್ಟದ ಹದಿಹರೆಯದವರಲ್ಲೂ ಇದು ಕಾಣಿಸಿಕೊಂಡಿರುವುದು ವೈದ್ಯರಿಗೆ ದಶಕಗಳಿಂದ ಗೊತ್ತು.

ಈ ಕಾಯಿಲೆಯ ನೋವು ಎಲ್ಲರಿಗೂ ಒಂದೇ ಥರ ಇರುವುದಿಲ್ಲ. ಕೆಲವರಿಗೆ ಕೆಲವು ದಿನ ಜೋರಾಗಿ ಬಂದು ಹೋಗುತ್ತದೆ, ಆಮೇಲೆ ತಿಂಗಳುಗಟ್ಟಲೆ ಸುದ್ದಿಯೇ ಇರುವುದಿಲ್ಲ. ಇನ್ನು ಕೆಲವರಿಗೆ ದಿನವೂ ಮಂದವಾಗಿ ಇದ್ದೇ ಇರುತ್ತದೆ, ನಡುನಡುವೆ ಕೆರಳುತ್ತದೆ.

ಕಾರಣವೂ ಒಂದೇ ಅಲ್ಲ. ಗ್ರಂಥಿಯ ನಾಳದಲ್ಲಿ ಕಲ್ಲು ಕೂತರೆ ಅಥವಾ ನಾಳ ಕಿರಿದಾದರೆ ಜೀರ್ಣರಸ ಹರಿಯದೆ ಒತ್ತಡ ಹೆಚ್ಚುತ್ತದೆ. ಇಂಥವರಿಗೆ ಎಂಡೋಸ್ಕೋಪಿಯಿಂದ ಸ್ಟೆಂಟ್ ಹಾಕುವುದು, ಹೊರಗಿನಿಂದ ಆಘಾತ ತರಂಗ ಹಾಯಿಸಿ ಕಲ್ಲು ಪುಡಿ ಮಾಡುವುದು ಅಥವಾ ಶಸ್ತ್ರಚಿಕಿತ್ಸೆ ನೆರವಾಗಬಹುದು. ಆದರೆ ಕಲ್ಲು ತೆಗೆದ ಮೇಲೂ ನೋವು ಹೋಗದಿದ್ದರೆ? “ಎಲ್ಲ ಸರಿಯಾಗಿದೆಯಲ್ಲ, ಇದು ಮನಸ್ಸಿನ ಭ್ರಮೆ” ಎನ್ನುವವರು ಬಹಳ. ಇದು ತಪ್ಪು, ಕ್ರೂರವೂ ಹೌದು. ದೀರ್ಘಕಾಲದ ಉರಿಯೂತ ಗ್ರಂಥಿಯ ನರಗಳನ್ನೇ ಹಾಳು ಮಾಡುತ್ತದೆ. ಸತತ ಸಂಕೇತ ಬಂದು ಬಂದು ಬೆನ್ನುಹುರಿ, ಮೆದುಳು ಅತಿಸೂಕ್ಷ್ಮವಾಗಿಬಿಡುತ್ತವೆ; ಮೂಲ ಕಾರಣ ಕಡಿಮೆಯಾದರೂ ನೋವು ಮಾತ್ರ ಉಳಿಯುತ್ತದೆ. ಕಳ್ಳ ಹೋದ ಮೇಲೂ ಅಲಾರಂ ಬಡಿದುಕೊಳ್ಳುತ್ತಲೇ ಇದ್ದಂತೆ. ಇದಕ್ಕೆ ನರಗಳ ನೋವಿಗೆ ಕೊಡುವ ಪ್ರೀಗ್ಯಾಬಲಿನ್‌ನಂಥ ಔಷಧವನ್ನು ವೈದ್ಯರು ಬಳಸುವುದುಂಟು. ಓಪಿಯಾಯ್ಡ್ ಗುಂಪಿನ ಬಲವಾದ ನೋವುನಿವಾರಕಗಳನ್ನು ದೀರ್ಘಕಾಲ ನುಂಗಿದರೆ ಮಲಬದ್ಧತೆ, ಚಟದ ಜೊತೆಗೆ ಕೆಲವೊಮ್ಮೆ ನೋವಿನ ಸಂವೇದನೆಯೇ ಹೆಚ್ಚಬಹುದು.

ರಕ್ತಪರೀಕ್ಷೆ ನಾರ್ಮಲ್ ಬಂತು ಅಂದರೆ ಕಾಯಿಲೆ ಇಲ್ಲ ಅಂತಲೂ ಅಲ್ಲ. ಹಠಾತ್ ಉರಿಯೂತದಲ್ಲಿ ಏರುವ ಅಮೈಲೇಸ್, ಲೈಪೇಸ್ ಪ್ರಮಾಣ ಹಳೆಯ ಕಾಯಿಲೆಯಲ್ಲಿ ಸಹಜವಾಗಿಯೇ ಇರಬಹುದು. ಸಿ.ಟಿ., ಎಂ.ಆರ್.ಐ. ಅಥವಾ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ಬೇಕಾಗುತ್ತದೆ. ತಡೆಯಲಾರದ ನೋವು, ನಿಲ್ಲದ ವಾಂತಿ, ಜ್ವರ ಅಥವಾ ಕಣ್ಣು ಹಳದಿಯಾಗುವುದು ಕಂಡರೆ ಓಂಕಾಳು ಬದಿಗಿಟ್ಟು ಕೂಡಲೇ ಆಸ್ಪತ್ರೆಗೆ ಹೋಗಿ.

ಇನ್ನೊಂದು ತಪ್ಪು ಸಮಾಧಾನವಿದೆ: ನೋವು ತಾನಾಗಿ ನಿಂತಿತು, ಕಾಯಿಲೆ ವಾಸಿಯಾಯಿತು ಎನ್ನುವುದು. ಗ್ರಂಥಿ ಸವೆದಂತೆ ಕೆಲವರಲ್ಲಿ ನೋವು ಇಳಿಯುವುದುಂಟು. ಅದೇ ಹೊತ್ತಿಗೆ ಮಲ ಎಣ್ಣೆಯಂತೆ ಜಿಡ್ಡಾಗಿ ತೇಲುತ್ತಿದ್ದರೆ, ತೂಕ ಇಳಿಯುತ್ತಿದ್ದರೆ, ಹೊಸದಾಗಿ ಶುಗರ್ ಕಾಣಿಸಿದರೆ, ಗ್ರಂಥಿ ಜೀರ್ಣರಸ ಮತ್ತು ಇನ್ಸುಲಿನ್ ತಯಾರಿಸುವ ಶಕ್ತಿ ಕಳೆದುಕೊಳ್ಳುತ್ತಿರಬಹುದು. ಆಗ ಊಟದ ಜೊತೆ ನುಂಗುವ ಕಿಣ್ವದ ಕ್ಯಾಪ್ಸೂಲ್, ಕೆಲವರಿಗೆ ಇನ್ಸುಲಿನ್ ಬೇಕಾಗುತ್ತದೆ.